ಒತ್ತಿ ನೋಡದ ಬುರುಡೆ

ಏಪ್ರಿಲ್ ೧೪, ರಾತ್ರಿ

ಒಲೆಗೆ ಅಂಟಿಕೊಂಡೇ ಕೂತಿದ್ದೇನೆ, ಬಲಗೈ ಮಾತ್ರ ಇನ್ನೂ ಬೆಚ್ಚಗಾಗಿಲ್ಲ.

ಮಂಜುಗಡ್ಡೆಯ ಮೇಲೆ ಮಲಗಿರುವ ಸೀಲ್ ಪ್ರಾಣಿಗೆ ದೊಣ್ಣೆಯಿಂದ ಹೊಡೆದ ಮೇಲೆ ತಲೆಬುರುಡೆಯನ್ನು ಎರಡೂ ಕಡೆ ಬೆರಳಲ್ಲಿ ಒತ್ತಿ ನೋಡಬೇಕು. ಮೂಳೆ ಪುಡಿಯಾಗಿದ್ದರೆ ಸತ್ತಿದೆ ಎಂದರ್ಥ, ಆಮೇಲೆ ಮಾತ್ರ ಚಾಕು. ಈ ಊರಿನ ಅರ್ಧ ಬೇಟೆಗಾರರಿಗೆ ಇದನ್ನು ಕಲಿಸಿದವನು ನಾನೇ. ಇವತ್ತು ಗಾಳಿ ತಿರುಗಿ ಮಂಜುಗಡ್ಡೆ ದೋಣಿಯ ಸುತ್ತ ಮುಚ್ಚಿಕೊಳ್ಳತೊಡಗಿತು. ಅವಸರದಲ್ಲಿ ಕೊನೆಯದನ್ನು ಒತ್ತಿ ನೋಡಲಿಲ್ಲ. ಚಾಕು ಎದೆಯಿಂದ ಹೊಟ್ಟೆಗೆ ಇಳಿಯುವಾಗ ಅದು ಕಣ್ಣು ಬಿಟ್ಟು ನನ್ನನ್ನು ನೋಡಿತು. ಮತ್ತೆ ಹೊಡೆದೆ.

ಹೆಂಡತಿಯ ತಮ್ಮ ಆಬ್ನರ್ ಪಕ್ಕದಲ್ಲೇ ಇದ್ದ. "ಬಿಡಿ ಭಾವ, ಯಾರ್ ನೋಡಿದ್ರು? ಬೇಟೆ ನಿಲ್ಲಿಸ್ಬೇಕು ಅನ್ನೋ ಆ ಹೆಲಿಕಾಪ್ಟರ್ ಕ್ಯಾಮೆರಾದೋರು ಆಗ್ಲೇ ಹೋದ್ರು," ಅಂದ. ದಡ ಕಾಣಿಸಿದ ಮೇಲೆ ಮೆಲ್ಲಗೆ ಅಂದ, "ನಂಗೂ ಎರಡ್ ಸಲ ಹಿಂಗಾಗಿದೆ. ಹೇಳಿದ್ರೆ ನೀವು ದೋಣಿಯಿಂದ್ಲೇ ಇಳಿಸ್ತಿದ್ರಿ. ಅದ್ಕೇ ಸುಮ್ನಿದ್ದೆ."

ಇಳಿಸುತ್ತಿದ್ದೆ. ನಿಜ.

ಬೇಟೆ ಬೇಕು. ಕಡಲಲ್ಲಿ ಕಾಡ್ ಮೀನು ಮುಗಿದುಹೋದ ಮೇಲೆ ಊರಿಗೆ ಉಳಿದದ್ದು ಇದೊಂದೇ, ಸೀಲ್‌ಗಳೋ ಮಿತಿಮೀರಿವೆ. ಇದರಲ್ಲಿ ನನಗೆ ಇವತ್ತೂ ಅನುಮಾನವಿಲ್ಲ.

ನಾಳೆ ಬೇಟೆಯ ವಿಚಾರಣೆಗೆ ರಾಜಧಾನಿ ಸೇಂಟ್ ಜಾನ್ಸ್‌ನಿಂದ ಸರ್ಕಾರದ ಸಮಿತಿ ಬರುತ್ತದೆ. ಊರಿನ ಪರವಾಗಿ ನಾನು ಓದಬೇಕಾದ ಹಾಳೆ ಇಲ್ಲೇ ಇದೆ. "ಜೀವವಿರುವ ಒಂದೇ ಒಂದು ಸೀಲ್‌ಗೂ ನಮ್ಮ ಚಾಕು ತಾಗಿಲ್ಲ." ಆ ಸಾಲನ್ನು ಹೊಡೆದುಹಾಕಿದೆ. ಅದಿಲ್ಲದೆ ಮಿಕ್ಕ ಮಾತು ನಿಲ್ಲುವುದಿಲ್ಲ. ಮತ್ತೆ ಬರೆದೆ.

ಓದುತ್ತೇನೆ. ಆಬ್ನರ್ ಮುಂದಿನ ಸಾಲಲ್ಲೇ ಕೂತಿರುತ್ತಾನೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವನೂ ಅವನೇ.