ಹಳದಿ ಬಟ್ಟೆ ಮುಚ್ಚಿದ ತಾಟು

ಮಳೆ ದಿಕ್ಕು ತಪ್ಪಿದ ಮೇಲಿನ ನೂರಾ ಹನ್ನೆರಡನೆಯ ವರುಷ, ಬನದ ಹುಣ್ಣಿಮೆ ಕಳೆದು ಮೂರನೆಯ ದಿನ.

ಹೊಳೆಯ ನೀರು ಮನೆಯೊಳಗೆ ಬಂತೆಂದು ಊರು ಬಿಟ್ಟು, ಗುಡ್ಡದಾಚೆಯ ಹೊಸ ಓಣಿಯಲ್ಲಿ ಈಗಷ್ಟೇ ಒಲೆ ಹೂಡುತ್ತಿರುವ ನನಗಿಂತ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳಿಗೆ, ಅದೇ ಓಣಿಯ ಬಾಳವ್ವ ಮಾಡುವ ಶರಣಾರ್ಥಿಗಳು.

ಮೇಲಿನ ತಾರೀಖು ನಿಮಗೆ ತಿಳಿಯಲಿಕ್ಕಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರ ಎನಿಸಬಹುದು, ಮನ್ನಿಸಿರಿ. ಓಣಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಐವತ್ತು ವರುಷದ ಹೆಂಗಸು ನಾನು. ಪತ್ರ ಹಿಂದಕ್ಕೆ ಹೋಗುತ್ತದೆಯೇ ಎಂದು ಕೇಳಬೇಡಿರಿ. ಕಾಲವೆಂಬುದು ತಾಯಿ ಬನಶಂಕರಿಯ ಸೊಂಟದ ಮೇಲಿನ ಕೊಡ. ಅವಳು ನಡೆದಂತೆ ಮುಂದಕ್ಕೂ ತುಳುಕುತ್ತದೆ, ಹಿಂದಕ್ಕೂ ತುಳುಕುತ್ತದೆ. ಒಂದು ಹನಿ ನಿಮ್ಮ ಮೇಲೆ ಬಿದ್ದರೆ ಸಾಕು.

ನೀವು ಓಣಿಯ ಬೇವಿನ ಮರದ ಕೆಳಗೆ ಕೂತು ಎರಡು ಮಾತು ಕೊಟ್ಟುಕೊಂಡಿರಂತೆ. ಒಂದು, ಈ ಓಣಿಯಲ್ಲಿ ಯಾರೂ ಹಸಿದು ಮಲಗಬಾರದು. ಇನ್ನೊಂದು, ಈ ಓಣಿಯ ಮಾತು ಓಣಿ ದಾಟಬಾರದು. ಎರಡನೆಯದನ್ನು ಹೇಳಿದವಳು ನಮ್ಮ ಮನೆಯ ಮುತ್ತಜ್ಜಿಯೇ ಅಂತೆ. ಯಾಕೆ ಹೇಳಿದಳೆಂಬುದನ್ನೂ ಕೇಳಿದ್ದೇನೆ. ಬೇರೆ ಬೇರೆ ಊರುಗಳಿಂದ ಎದ್ದು ಬಂದ ಬಡವರು ನೀವು, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಿ ನಿಮ್ಮನ್ನು ಒಡೆದವರಿಗೆ ಲೆಕ್ಕವಿರಲಿಲ್ಲ. ಬಾಯಿ ಕಟ್ಟಿಕೊಂಡಿದ್ದಕ್ಕೇ ಉಳಿದಿರಿ. ಅದಕ್ಕೆ ನಿಮ್ಮನ್ನು ಹೊಗಳುತ್ತಲೇ ನಾವೆಲ್ಲ ಬೆಳೆದೆವು. ಈಗ ನಿಮ್ಮ ಮೇಲೆ ನನಗೆ ಸಿಟ್ಟಿದೆ. ದೊಡ್ಡವರೆಂದು ಅದನ್ನು ಮುಚ್ಚಿಡಲಾರೆ.

ನಮ್ಮ ದಿನಗಳು ಹೇಗಿವೆ ಎಂದು ಮೊದಲು ಹೇಳುತ್ತೇನೆ. ನಮ್ಮ ಸುತ್ತ ಜೋಳದ ಹೊಲಗಳಿಲ್ಲ, ಬೆಳಕಿನ ಹೊಲಗಳಿವೆ. ಬಿಸಿಲು ಹಿಡಿಯುವ ಗಾಜುಗಳನ್ನು ಸಾಲುಸಾಲಾಗಿ ನೆಟ್ಟಿದ್ದಾರೆ. ಅವುಗಳ ಮೇಲಿನ ಧೂಳು ಒರೆಸುವುದೇ ಓಣಿಯ ಹೆಂಗಸರ ಕೆಲಸ. ನಸುಕಿನಲ್ಲಿ ಹೋಗಿ, ಗಾಜು ಕಾಯುವ ಮೊದಲು ತಿರುಗಿ ಬರುತ್ತೇವೆ. ಹಿತ್ತಲಲ್ಲಿ ಒಂದು ಮನೆಗೆ ಒಂದೇ ಕಾಯಿಪಲ್ಯ ಬೆಳೆಯುವಷ್ಟು ನೀರು. ಆದ್ದರಿಂದ ಒಬ್ಬೊಬ್ಬರು ಒಂದೊಂದು ಬೆಳೆದು, ಒಂದೊಂದು ಬೇಯಿಸಿ, ಎಲ್ಲರ ಪಲ್ಯವನ್ನೂ ಎಲ್ಲರಿಗೂ ಹಂಚುತ್ತೇವೆ. ಇದಕ್ಕೆ ಕೂಡುತಾಟು ಎನ್ನುತ್ತೇವೆ. ಬನದ ಹುಣ್ಣಿಮೆಯ ಪಲ್ಯದ ಹಬ್ಬವನ್ನು ನೀವು ವರುಷಕ್ಕೊಮ್ಮೆ ಮಾಡುತ್ತಿದ್ದಿರಿ, ನಮಗೆ ಅದು ದಿನದ ಊಟ. ನಮ್ಮ ಮನೆಯದು ಬದನೆಕಾಯಿ. ಪಕ್ಕದ ಮಾಬೂಬಿಯದು ಅಲಸಂದಿ; ಅವಳು ಹಾಕುವ ಖಾರಕ್ಕೆ ಬಂದ ರೋಗವೂ ಓಣಿ ಬಿಟ್ಟು ಓಡುತ್ತದೆ ಎಂದು ನಗುತ್ತಿದ್ದೆವು.

ರೋಗ ಓಡುವುದಿಲ್ಲ. ಒಣದಮ್ಮು ಎಂಬುದೊಂದಿದೆ. ಧೂಳಿನಲ್ಲಿ ಹುಟ್ಟಿ ಉಸಿರಿನಲ್ಲಿ ಹಬ್ಬುತ್ತದೆ. ಬೇಗ ಮದ್ದು ಸಿಕ್ಕರೆ ನೆಗಡಿಯಂತೆ ಹೋಗಿಬಿಡುತ್ತದೆ, ತಡವಾದರೆ ಮನುಷ್ಯನನ್ನೇ ಒಯ್ಯುತ್ತದೆ. ಅದಕ್ಕಾಗಿ ಪ್ರತಿ ಮನೆಗೆ ಒಂದು ಹಳದಿ ಬಟ್ಟೆ ಕೊಟ್ಟಿದ್ದಾರೆ. ಮಾಳಿಗೆಯ ಮೇಲೆ ಅದನ್ನು ಹಾರಿಸಿದರೆ ದೊಡ್ಡ ರಸ್ತೆಯಲ್ಲಿ ಹೋಗುವ ಮದ್ದುಬಂಡಿ ಒಳಗೆ ತಿರುಗುತ್ತದೆ. ಆದರೆ ಬಂಡಿ ಬಂದ ಓಣಿಯನ್ನು ಒಂದು ತಿಂಗಳು ಕಟ್ಟುತ್ತಾರೆ, ಯಾರೂ ಹೊರಗೆ ಹೋಗುವಂತಿಲ್ಲ. ಆ ತಿಂಗಳು ನಮ್ಮ ಬೆಳಕಿನ ಹೊಲ ಬೇರೆ ಓಣಿಯ ಪಾಲು. ಒಮ್ಮೆ ಹೋದ ಹೊಲ ತಿರುಗಿ ಬಂದೇ ಬರುತ್ತದೆಂಬ ನಂಬಿಕೆ ಇಲ್ಲ. ಈ ಕಟ್ಟಳೆ ಮಾಡಿದವರ ಕಣ್ಣಿಗೆ ರೋಗ ಕಂಡಿತು, ನಮ್ಮ ಹೊಟ್ಟೆ ಕಾಣಲಿಲ್ಲ. ಹೀಗಾಗಿ ಹಳದಿ ಬಟ್ಟೆಗಳು ಪೆಟ್ಟಿಗೆಯಲ್ಲೇ ಉಳಿದವು.

ಹೋದ ವರುಷ ನನ್ನ ಸರದಿ ದೂರದ ಹೊಲಕ್ಕೆ ಬಂತು. ಎರಡು ತಿಂಗಳು ಅಲ್ಲೇ ಇರಬೇಕಿತ್ತು. ಮನೆಯಲ್ಲಿ ನನ್ನ ತಂಗಿ ನೀಲವ್ವ, ಅವಳ ಮಗಳು ಹೊಳೆವ್ವ. ಓಣಿಗೆ ಹಿರಿಯಳಾದ ಕಾಶಕ್ಕನ ಕೈ ಹಿಡಿದು, "ಇವರಿಬ್ಬರನ್ನೂ ನಿನ್ನ ಉಡ್ಯಾಗ ಹಾಕೇನಿ ಎಕ್ಕಾ," ಎಂದೆ. "ಹೋಗಿ ಬಾರವ್ವಾ, ನಾವೇನ್ ಸತ್ತೇವೇನು?" ಎಂದಳು.

ತಿರುಗಿ ಬಂದಾಗ ನೀಲವ್ವ ಮಣ್ಣಾಗಿ ಒಂದು ದಿನವಾಗಿತ್ತು. ಓಣಿಗೆ ಓಣಿಯೇ ನನ್ನ ಕೊರಳಿಗೆ ಬಿದ್ದು ಅತ್ತಿತು. ಅದು ಸುಳ್ಳು ಅಳುವಲ್ಲ, ಸುಳ್ಳಾಗಿದ್ದರೆ ನನಗೆ ಹಗುರಾಗುತ್ತಿತ್ತು. ಒಳಕೋಣೆಯಲ್ಲಿ ಮಲಗಿಸಿ, ಮುಖಕ್ಕೆ ಸೆರಗು ಕಟ್ಟಿಕೊಂಡು, ಸರದಿಯ ಮೇಲೆ ಬಂದು ಮೈ ಒರೆಸಿದ್ದರಂತೆ, ತಲೆ ಬಾಚಿದ್ದರಂತೆ. "ಒಂದ್ ಹೊತ್ತೂ ಉಪಾಸ ಕೆಡವಲಿಲ್ಲವ್ವಾ," ಎಂದು ಮಾಬೂಬಿ ಹೇಳಿ ಹೇಳಿ ಅತ್ತಳು. "ಖಾರ ಆಗೂದಿಲ್ಲಂತ ಅಕಿಗೆ ಬ್ಯಾರೇನ ಬೇಸಿದ್ದೆ." ನಾನೂ ಅವಳನ್ನು ತಬ್ಬಿಕೊಂಡು ಅತ್ತೆ.

ಆಗ ಕಾಶಕ್ಕ ದುಃಖದ ಮನೆಗೆ ತಾಟು ತಂದಳು. ಅದರ ಮೇಲೆ ಹಳದಿ ಬಟ್ಟೆ ಮುಚ್ಚಿತ್ತು. ಅಂಚಿನಲ್ಲಿ ನೀಲಿ ದಾರದ ಗಿಳಿ. ಆ ಗಿಳಿ ನೀಲವ್ವನ ಕೈಯದು, ಬಟ್ಟೆ ಮನೆಗೆ ಬಂದ ದಿನವೇ ಕೂತು ಹಾಕಿದ್ದಳು.

ನನ್ನ ಮುಖ ನೋಡಿ ಹೊಳೆವ್ವ ಅಂದಳು: "ಅವ್ವ ಏಣಿ ಹತ್ತಿ ಹಾರಿಸಿದ್ದಳು ದೊಡ್ಡವ್ವಾ. ಕಾಶಜ್ಜಿ ಇಳಿಸಿದಳು."

ಕಾಶಕ್ಕನಿಗೆ ನಾಚಿಕೆಯಾಗಲಿಲ್ಲ. "ಮತ್ತೇನ್ ಮಾಡ್ಬೇಕಿತ್ತು? ಬಂಡಿಗೆ ಕೈ ಅದಾವೇನು, ತುತ್ತು ಮಾಡಿ ತಿನಸಾಕ? ಓಣಿ ಮಾತು ಓಣ್ಯಾಗ ಇರಲಿ ಅಂತ ನಿಮ್ಮ ಮುತ್ತಜ್ಜಿನ ಹೇಳ್ಯಾಳ," ಎಂದಳು. ಬಟ್ಟೆ ಯಾಕೆ ತಾಟಿನ ಮೇಲೆ ಬಂತೆಂದು ಕೇಳಿದೆ. "ಚಲೋ ಅರಿವಿ. ಸುಮ್ನ ಬಿದ್ದಿತ್ತು," ಎಂದಳು.

ದೇವರು ಮುನಿದರೆ ಪೂಜೆ ಮಾಡಿ ಒಲಿಸಬಹುದು. ನೆರೆಯವರು ತುತ್ತು ತಿನ್ನಿಸುತ್ತಲೇ ಕೈಬಿಟ್ಟರೆ ಯಾರಿಗೆ ಹರಕೆ ಹೊರುವುದು? ಉಸಿರು ಕೇಳಿದವಳಿಗೆ ಇವರು ಅನ್ನ ಕೊಟ್ಟರು. ನನ್ನ ತಂಗಿ ಹೊಟ್ಟೆ ತುಂಬ ಉಂಡು ಸತ್ತಳು. ಆ ಬಟ್ಟೆಯನ್ನು ತೊಳೆಯದೆ ಮಡಚಿ, ತಾಯಿ ಬನಶಂಕರಿಯ ಪೂಜೆಯ ಜಗುಲಿಯ ಮೇಲೆ ಇಟ್ಟೆ. ಒಂದು ವರುಷ ಅದರ ಮುಂದೆಯೇ ದೀಪ ಹಚ್ಚಿದೆ. ಓಣಿಯಲ್ಲಿ ಎಲ್ಲರೊಡನೆ ನಕ್ಕೆ, ಗಾಜು ಒರೆಸಿದೆ, ಬೇಯಿಸಿದೆ, ಹಂಚಿದೆ. ಯಾರ ತಾಟೂ ರುಚಿಯಾಗಲಿಲ್ಲ.

ಈ ವರುಷದ ಬನದ ಹುಣ್ಣಿಮೆಯ ಹಬ್ಬದ ದಿನ ಹೊಳೆವ್ವ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತು, ಒಣ ಎಲೆ ತುಳಿದ ಸದ್ದು. ಅದನ್ನು ಓಣಿಯೂ ಕೇಳಿತು. ನಿನ್ನೆಯಿಂದ ಹೊಸ್ತಿಲಿಗೆ ಬರುವ ತಾಟುಗಳು ಮೊದಲಿಗಿಂತ ದೊಡ್ಡವಾದವು. ಇವತ್ತು ಮುಂಜಾನೆ ಕಾಶಕ್ಕ ಹೆಂಗಸರನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತಳು. "ನಾವು ನೋಡಕೋತೀವಿ ಬಾಳವ್ವಾ, ನೀ ಚಿಂತಿ ಮಾಡಬ್ಯಾಡ," ಎಂದಳು.

ನಾನು ಜಗುಲಿಗೆ ಕೈಮುಗಿದೆ. ಬಟ್ಟೆ ತೆಗೆದುಕೊಂಡು ಏಣಿ ಹತ್ತಿದೆ. ಕೆಳಗಿನಿಂದ, "ಓಣಿ ಕಟ್ಟಸ್ತೀಯೇನ? ಮಂದಿ ಹೊಟ್ಟಿ ಮ್ಯಾಲ ಹೊಡೀತೀಯೇನ? ಉಂಡ ತಾಟು ನೆನಪೈತೇನ?" ಎಂದು ಒದರಿದರು. ನೆನಪಿದೆ, ಎಲ್ಲವೂ ನೆನಪಿದೆ. ಅವರ ಹೊಟ್ಟೆಯೂ ನನಗೆ ಗೊತ್ತು, ನನ್ನದೂ ಅದೇ ಹೊಟ್ಟೆ. ಗಂಟು ಬಿಗಿ ಮಾಡಿ ಕೆಳಗಿಳಿದೆ, ಏಣಿಯನ್ನು ಒಳಗೆ ತಂದು ಬಾಗಿಲು ಹಾಕಿದೆ.

ಮಧ್ಯಾಹ್ನ ತಾಟು ಬರಲಿಲ್ಲ. ಸಂಜೆಯೂ ಬರಲಿಲ್ಲ. ನೀವು ಬೇವಿನ ಕೆಳಗೆ ಕೂತ ದಿನದಿಂದ ಈ ಓಣಿಯಲ್ಲಿ ಒಂದು ಮನೆಗೆ ತಾಟು ತಪ್ಪಿದ್ದು ಇದೇ ಮೊದಲು. ಎರಡನೆಯ ಮಾತು ಉಳಿಸಿಕೊಳ್ಳಲು ಮೊದಲನೆಯದನ್ನು ಮುರಿದರು. ನಮ್ಮ ಪಾಲಿನ ಬದನೆಕಾಯಿ ಪಲ್ಯವನ್ನೇ ಇಬ್ಬರಿಗೂ ಬಡಿಸಿದೆ. ಒಂದೇ ಪಲ್ಯದ ತಾಟನ್ನು ಹೊಳೆವ್ವ ಹುಟ್ಟಿದಾಗಿನಿಂದ ಕಂಡವಳಲ್ಲ. ಸುತ್ತ ಬೆರಳಾಡಿಸಿ, "ಇಷ್ಟನ ದೊಡ್ಡವ್ವಾ?" ಎಂದಳು. ಇಷ್ಟೇ ಮಗಳೇ, ಎಂದೆ.

ತಾಯಂದಿರೇ, ದೊಡ್ಡ ರಸ್ತೆಯ ಕಡೆ ಬಂಡಿಯ ಗಂಟೆ ಕೇಳಿಸುತ್ತಿದೆ. ತಿರುವಿನಲ್ಲಿ ನಿಂತಂತೆ ಆಯಿತು, ಈಗ ಓಣಿಯ ಕಡೆಗೇ ಬರುತ್ತಿದೆ. ನಾನು ಬಾಗಿಲು ತೆಗೆಯಬೇಕು. ಬೇಡಿಕೊಳ್ಳುವುದು ಒಂದೇ. ಆ ಸಂಜೆ ಬೇವಿನ ಕೆಳಗೆ ಕೂತಾಗ ಮೊದಲ ಮಾತು ಹೇಳಿ ಎದ್ದುಬಿಡಿರಿ. ಎರಡನೆಯದಕ್ಕೆ ನಮ್ಮ ಮುತ್ತಜ್ಜಿ ಬಾಯಿ ತೆರೆದರೆ, ಸಿಟ್ಟು ಮಾಡಬೇಡಿರಿ, ಪಾಪ, ಹೆದರಿದವಳು. ಅವಳ ಬಾಯಿಗೆ ಒಂದು ತುಂಡು ಬೆಲ್ಲ ಇಡಿರಿ.