ಮುಖ ನೋಡಿ ತೆರೆಯುವ ಬೀಗ

ನಮ್ಮ ಮನೆಯಿಂದ, ಅಂದರೆ ಜಾಹೀರಾತಿನವರು ಉಳಿಸಿಹೋದಷ್ಟರಿಂದ
ಮಾರ್ಚ್ ೧೪, ಗುರುವಾರ

ಹಡಗಿನಲ್ಲಿರುವ ನಮ್ಮ ಯಜಮಾನರಿಗೆ ನಮಸ್ಕಾರ.

ಮಂಡಿನೋವು ಹೇಗಿದೆ? ಎಂಜಿನ್ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀರೋ, ಇಲ್ಲ ನನ್ನ ಮಾತಿಗೆ ಮಾತ್ರ ಇಡುತ್ತೀರೋ? ನಾನೂ ಮಗಳೂ ಚೆನ್ನಾಗಿದ್ದೇವೆ. ಇನ್ನೂ ಎರಡು ವರ್ಷ ಹಡಗಿನಲ್ಲೇ ಉಳಿಯಲು ಒಪ್ಪಿಕೊಳ್ಳಲೇ ಎಂದು ಕೇಳಿದ್ದಿರಿ. ಅದಕ್ಕೆ ಉತ್ತರ ಆಮೇಲೆ. ಮೊದಲು ಇಲ್ಲಿನ ಸರ್ಕಸ್ ಕೇಳಿ.

ನಿಮ್ಮ ಮುದ್ದಿನ ಮಗಳ ಜಾಹೀರಾತು ಕಂಪನಿಯವರು ಫೋನಿನಲ್ಲಿ ಓಡುವ ನಗೆ ಜಾಹೀರಾತು ತೆಗೆಯಲು ನಮ್ಮ ಮನೆಗೇ ಬಂದಿದ್ದರು. ಮುಖ ನೋಡಿ ತಾನೇ ತೆರೆಯುವ ಬೀಗವಂತೆ. ‘ನಿಜವಾದ ಮನೆ ಬೇಕು’ ಎಂದು ನಮ್ಮ ಮನೆಯನ್ನು ಆರಿಸಿದ ಮಹಾನುಭಾವರು ಬಂದ ಕೂಡಲೇ ನಮ್ಮ ಕುರ್ಚಿ, ಕರ್ಟನ್, ನಿಮ್ಮ ರೇಡಿಯೊ ಎಲ್ಲವನ್ನೂ ಅಂಗಳಕ್ಕೆ ಹಾಕಿದರು. ಬಾಡಿಗೆಯ ಹೊಸ ಕರ್ಟನ್ ತಂದು, ಹಳೆಯದಾಗಿ ಕಾಣಲೆಂದು ಅದಕ್ಕೆ ಚಹಾದ ನೀರು ಬಳಿದರು. ನಮ್ಮದು ಹಳೆಯದೇ ಇತ್ತಲ್ಲ ಎಂದರೆ, ಕ್ಯಾಮೆರಾದಲ್ಲಿ ಅದು ಹಳೆಯದಾಗಿ ಕಾಣುವುದಿಲ್ಲವಂತೆ! ನಿರ್ದೇಶಕನಿಗೆ ನಾನು ಟೋಪಿರಾಯ ಎಂದು ಹೆಸರಿಟ್ಟೆ. ಊಟಕ್ಕೆ ಕೂತಾಗಲೂ ಟೋಪಿ ತೆಗೆಯದ ಭೂಪ. ಅವನು ನಕ್ಕರೆ ಸುತ್ತ ನಿಂತವರೆಲ್ಲ ಹಲ್ಲು ಕಿರಿಯುತ್ತಿದ್ದರು. ಬೀಗದ ಕಂಪನಿಯಿಂದ ಬಂದ ಹೆಂಗಸು ಮಾತ್ರ ಫೋನ್ ನೋಡಿ, ಅಲ್ಲಿಂದ ಅಪ್ಪಣೆಯಾದ ಮೇಲೆ ನಗುತ್ತಿದ್ದಳು. ನಗು ಬಾರದಿದ್ದಾಗಲೆಲ್ಲ ತಪ್ಪು ನಮ್ಮ ಬಾಗಿಲಿನದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಹಾಸ್ಯವಾದರೂ ಏನು ಗೊತ್ತೇ? ಬಹಳ ಕಾಲದ ಮೇಲೆ ಗಂಡ ಮನೆಗೆ ಬರುತ್ತಾನೆ. ಬಾಗಿಲ ಒಳಗಿನ ಪುಟ್ಟ ಪರದೆಯಲ್ಲಿ ಅವನನ್ನು ನೋಡಿ ಹೆಂಡತಿ ‘ಯಾರ್ರೀ ನೀವು?’ ಎನ್ನುತ್ತಾಳೆ. ಬೀಗ ಮಾತ್ರ ಗುರುತು ಹಿಡಿದು ‘ಬನ್ನಿ ಯಜಮಾನರೇ’ ಎಂದು ತೆರೆದುಕೊಳ್ಳುತ್ತದೆ. ಇದನ್ನು ಬರೆದವಳು ನಮ್ಮ ಮಗಳೇ. ಅಪ್ಪನನ್ನು ಸಂತೆಯಲ್ಲಿ ಮಾರಾಟಕ್ಕೆ ಇಟ್ಟೆಯೇನೇ ಎಂದು ನಾನು ಕಣ್ಣು ಕೆಂಪಗೆ ಮಾಡಿದರೆ, ‘ಚಿಕ್ಕೋಳಿದ್ದಾಗ ಅಪ್ಪನ್ನ ನೋಡಿ ಯಾರಮ್ಮಾ ಇವ್ರು ಅಂತ ಕೇಳಿದ್ದು ನಾನೇ ಅಲ್ವಾ? ನಂದೇ ಜೋಕು’ ಎಂದಳು.

ಹೆಂಡತಿಯ ಪಾತ್ರದವಳು ಬರುವುದು ತಡವಾದ್ದರಿಂದ ಟೋಪಿರಾಯ ನನ್ನನ್ನೇ ಪರದೆಯ ಮುಂದೆ ನಿಲ್ಲಿಸಿದ. ಹೇಳಬೇಕಾದದ್ದು ಒಂದೇ ಮಾತು. ನಟ ಅಂಟಿಸಿದ ಮೀಸೆಯವನು, ನಿಮ್ಮ ಕಾಲಿನ ಉಗುರಿಗೂ ಸಮವಲ್ಲ. ಆದರೆ ಮಗಳು ಹೇಳಿಕೊಟ್ಟಿದ್ದಳೇನೋ, ಎಡಗೈಯಿಂದ ಚೀಲ ಇಳಿಸಿ ಸೊಂಟ ಹಿಡಿದು ನಿಂತ, ಥೇಟ್ ನಿಮ್ಮ ಹಾಗೆ. ನನ್ನ ಬಾಯಿಂದ ‘ಬಂದ್ರಾ? ಬಿಸಿನೀರು ಕಾದಿದೆ’ ಎಂದು ಬಂದುಬಿಟ್ಟಿತು. ಯಾರೂ ನಗಲಿಲ್ಲ. ‘ಮೇಡಂ, ಇದು ಕಾಮಿಡಿ ಮೇಡಂ’ ಎಂದ ಟೋಪಿರಾಯ, ನಾನು ಅವನ ಅನ್ನಕ್ಕೆ ಕಲ್ಲು ಹಾಕಿದವಳ ಹಾಗೆ. ಆಮೇಲೆ ಆ ಪಾತ್ರದವಳು ಬಂದು ಒಂದೇ ಸಲಕ್ಕೆ ‘ಯಾರ್ರೀ ನೀವು?’ ಎಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಮಗಳು ಅಡುಗೆಮನೆಗೆ ಹೋಗಿ ನಿಂತಿದ್ದಳು. ಅವಳಿಗೆ ಬೈಯಬೇಡಿ, ಬೈಯುವ ಪಾಲು ನಾನು ಮುಗಿಸಿದ್ದೇನೆ.

ಡೆಕ್ಕಿನ ಮೇಲೆ ಗಾಳಿಗೆ ತಲೆ ಒಡ್ಡಿಕೊಂಡು ನಿಲ್ಲಬೇಡಿ. ನಿಮ್ಮ ಜೊತೆಗಿರುವ ಅಡುಗೆಯವರಿಗೂ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಬಾಯಿಬಡುಕಿ

ತಾ.ಕ.: ಪೋಸ್ಟ್‌ಗೆ ಹೊರಟಿದ್ದೇನೆ, ಅವಸರ. ಬೀಗವನ್ನು ನಮಗೇ ಬಿಟ್ಟುಹೋದರು. ಯಜಮಾನ ಎಂದು ಅದಕ್ಕೆ ಕಲಿಸಿದ್ದ ಆ ನಟನ ಮುಖವನ್ನು ಅಳಿಸಲು ಮರೆತಿದ್ದಾರೆ. ನಿನ್ನೆ ಅವನು ಮರೆತ ಕನ್ನಡಕಕ್ಕೆಂದು ಬಂದರೆ ಬಾಗಿಲು ‘ಬನ್ನಿ ಯಜಮಾನರೇ’ ಎಂದು ತೆರೆದುಕೊಂಡಿತು. ಮಗಳು ಮೊದಲು ನಕ್ಕಳು, ಆಮೇಲೆ ನೆಲದ ಮೇಲೆ ಕೂತು ಅತ್ತಳು. ಆ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ, ಬಂದುಬಿಡಿ. ಬೇರೆ ಮುಖ ಸೇರಿಸಬೇಕಾದರೆ ಮನುಷ್ಯ ಖುದ್ದಾಗಿ ಬಾಗಿಲ ಮುಂದೆ ನಿಲ್ಲಬೇಕಂತೆ. ನಿಮ್ಮ ಫೋಟೊ ಹಿಡಿದು ನಿಂತು ನೋಡಿದೆ, ಬೀಗ ಒಪ್ಪಲಿಲ್ಲ.