ಹಸಿರು ದಾರದ ತುದಿ

ಮಕ್ತಲ್
ಮಂಗಳವಾರ, 11 ಮಾರ್ಚ್ 2025

ಗೆಳೆಯ ದೇವೇಂದ್ರಪ್ಪನಿಗೆ ಕಾಂತೇಶನ ಶರಣು.

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ತಡ ಮಾಡಿದ್ದಕ್ಕೆ ಬೈಯಬೇಡ. ಬೈದರೂ ಬೈಸಿಕೊಳ್ಳುತ್ತೇನೆ, ಅದೇನು ಹೊಸದಲ್ಲ. ಮದುವೆ ಸೀಜನ್ನು, ಅಂಗಡಿಯಲ್ಲಿ ಜಂಪರುಗಳ ಗುಡ್ಡೆ ಬಿದ್ದಿದೆ ಎಂದು ನೆಪ ಹೇಳಬಹುದಿತ್ತು. ಗುಡ್ಡೆ ಬಿದ್ದಿರುವುದೂ ನಿಜವೇ. ಆದರೆ ದಿನಾ ನಿನ್ನ ಕಾಗದ ತೆಗೆದು ಮೆಷಿನ್ನಿನ ಮೇಲೆ ಹರವುತ್ತಿದ್ದೆ, ಓದುತ್ತಿದ್ದೆ, ಮತ್ತೆ ಮಡಚಿ ಗುಂಡಿಗಳ ಡಬ್ಬಿಯಲ್ಲಿ ಇಡುತ್ತಿದ್ದೆ.

ನಿನ್ನ ಎಡಗೈ ಅಕ್ಷರ ನೋಡಿ ನನ್ನಾಕೆ ಚನ್ನವೀರಮ್ಮ, "ಇದ್ಯಾವ ಒಂದನೇತ್ತಿ ಹುಡುಗನ ಕಾಗದರೀ? ಸಾಲೆಲ್ಲ ಗುಡ್ಡ ಹತ್ತಿ ಇಳಿಯಾಕತ್ತಾವು!" ಎಂದು ನಕ್ಕಳು. ದೇವ್ಯಾನ ಕಾಗದ ಎಂದೆ. ಆಮೇಲೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಫೋನ್ ಮಾಡಬೇಡ, ಎಡಗೈಗೆ ರೂಢಿಯಾಗಲಿ, ಕಾಗದವನ್ನೇ ಬರಿ ಎಂದಿದ್ದೀ. ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಮಳೆ, ಬೆಳೆ ಎಂದು ಏನೇನೋ ಮಾತಾಡಿ ಇಟ್ಟುಬಿಡುತ್ತಿದ್ದೆ.

ನನಗೆ ಹೆದರಿಕೆ ಹಿಡಿದಿದೆ ದೇವ್ಯಾ. ಭಾನುವಾರ ನೀನು ಬರುತ್ತೀ, ಮೀನು ಹಿಡಿಯಲು ಹೊಳೆದಂಡೆಯ ಆನೆಬಂಡೆಗೆ ಮತ್ತೆ ಹೋಗೋಣ ಎನ್ನುತ್ತೀ. ಓದಿದಾಗಿನಿಂದ ಅಂಗಡಿ ಮುಂದೆ ಮೈಕಿನ ಆಟೋ ಹಾದರೆ ಸಾಕು, ಅದು ಬೀಜದ ಜಾಹೀರಾತೋ ಮತ್ತೊಂದೋ, ನನ್ನ ಕಾಲು ಪೆಡಲಿನ ಮೇಲೆಯೇ ನಿಂತುಬಿಡುತ್ತದೆ. ಮೊನ್ನೆ ಒಬ್ಬಳ ಜಂಪರಿಗೆ ಎರಡೂ ಎಡತೋಳು ಹೊಲಿದೆ. ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಮೂವತ್ತು ವರ್ಷದಿಂದ ಕೊರಳಿಗೆ ತೂಗುಹಾಕಿಕೊಂಡೇ ಇದ್ದೆನಲ್ಲ, ಈಗ ಅದನ್ನು ಕಟ್ಟುತ್ತಿಲ್ಲ. ಹಲ್ಲಿನಿಂದ ಕಡಿಯುತ್ತೇನೆ. "ಏನ್ ಟೇಲರಪ್ಪಾ, ಇಲಿ ಆಗೀಯೇನು?" ಎಂದು ಪಕ್ಕದ ಪಾತ್ರೆ ಅಂಗಡಿಯ ಎಂಕಪ್ಪ ದಿನಾ ಕೆಣಕುತ್ತಾನೆ.

ಇರಲಿ. ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಬರೆಯುತ್ತ ಹೋದರೆ ಧೈರ್ಯ ಬಂದರೂ ಬಂದೀತು.

ಮೊದಲು ಗಾಳ ಎಸೆಯುವ ರಾಡು. ನಿನಗೆ ಹಿಂದಿನದೇ, ಎಂಟನೇ ನಂಬರಿನ ಒಂಬತ್ತು ಅಡಿಯದೇ ಬೇಕು ಎಂದಿದ್ದೀ. ಬೇಡ. ನಮ್ಮ ಸ್ಟ್ರೀಮರ್ ಗಾಳ ಅಂದರೆ ಅಂಗೈಯುದ್ದದ ಸುಳ್ಳು ಮೀನು. ಕುರಿಯ ಉಣ್ಣೆ, ಉದುರಿದ ಕೋಳಿಗರಿ, ಮೇಲೆ ಮಿಂಚಲಿ ಎಂದು ನಾರಾಯಣಪೇಟೆ ಜಂಪರ್ ತುಂಡಿನಿಂದ ಬಿಚ್ಚಿದ ಜರಿ. ನೀರು ಕುಡಿಯಿತೆಂದರೆ ಒದ್ದೆ ಕಾಲುಚೀಲದಷ್ಟು ತೂಗುತ್ತದೆ. ಅದನ್ನು ಹೊಳೆಯ ಎದುರುಗಾಳಿಗೆ ಎಸೆಯಲು ಎಂಟನೇ ನಂಬರೇ ಸರಿ, ಆದರೆ ಮೂವತ್ತು ವರ್ಷ ದನದ ದವಾಖಾನೆಯಲ್ಲಿ ಸೂಜಿ ಚುಚ್ಚಿದ ನಿನ್ನ ಬಲಗೈಗೆ ಸರಿ. ಎಡಗೈ ಇನ್ನೂ ಕೂಸು. ಏಳನೇ ನಂಬರು ತಗೋ. ಗಾಳವನ್ನು ಬೆರಳುದ್ದಕ್ಕೆ ಇಳಿಸಿ ನಾನೇ ಕಟ್ಟಿಕೊಡುತ್ತೇನೆ. ಗಿಡ್ಡ ಗಾಳಕ್ಕೆ ವಾಲುಗ ಮೀನು ಬಾಯಿ ಹಾಕುವುದಿಲ್ಲ ಎನ್ನಬೇಡ. ಆ ಮೀಸೆಯವನಿಗೆ ಹಸಿವಾದರೆ ಚಪ್ಪಲಿಯನ್ನೂ ಬಿಡುವುದಿಲ್ಲ.

ಇಲ್ಲವೇ, ನಮಗೆ ಈ ಹುಚ್ಚು ಹಿಡಿಸಿದ ಹೈದರಾಬಾದಿನ ಸಾಹೇಬರ ಹತ್ತಿರ ಎರಡು ಕೈಯಲ್ಲಿ ಹಿಡಿಯುವ ಹನ್ನೊಂದು ಅಡಿಯ ರಾಡು ಇತ್ತಲ್ಲ, ಅಂಥದ್ದು. ಎಡಗೈ ಮೇಲೆ ಹಿಡಿಯಲಿ, ಬಲಗೈ ಬುಡಕ್ಕೆ ಸುಮ್ಮನೆ ಆತುಕೊಂಡಿರಲಿ. ಎಸೆದ ಮೇಲೆ ದಾರ ಎಳೆದುಕೊಳ್ಳಲು ಬಲಗೈಯ ಹೆಬ್ಬೆರಳು, ಉಂಗುರಬೆರಳು ಸಾಕಾಗುತ್ತದೆಯೇ ಎಂದು ಕೇಳಿದ್ದೀ. ತೋರುಬೆರಳು, ನಡುಬೆರಳು ಮಡಚಿಕೊಂಡು ಅಂಗಡಿಯಲ್ಲಿ ಕೂತು ಎಳೆದು ನೋಡಿದೆ. ಸಾಕಾಗುತ್ತದೆ. ಎಳೆಯುತ್ತ ಎಳೆಯುತ್ತ ಅರ್ಧಕ್ಕೇ ಬಿಟ್ಟು, ಎದ್ದು ನೀರು ಕುಡಿದು ಬಂದೆ.

ಇನ್ನು ದಾರ. ಪೂರ್ತಿ ಮುಳುಗುವ ದಾರ ಮಾತ್ರ ತರಬೇಡ, ಕೈ ಮುಗಿಯುತ್ತೇನೆ. ನಿಂತ ನೀರಿನ ಮಡುವಿಗೆ ಅದು ಚೆನ್ನ. ಹರಿಯುವ ಹೊಳೆಯಲ್ಲಿ ಎಲ್ಲಿದೆಯೆಂದೇ ಕಾಣುವುದಿಲ್ಲ, ಬಂಡೆಯ ಸಂದಿಗೆ ನುಗ್ಗಿ ಕೂತುಬಿಡುತ್ತದೆ. ಅವತ್ತು ನಿನ್ನದು ಹಾಗೇ ಸಿಕ್ಕಿಕೊಂಡಿತು. ಮುಂದಿನ ಹದಿನೈದು ಅಡಿ ಮಾತ್ರ ಮುಳುಗಿ, ಹಿಂದಿನದೆಲ್ಲ ತೇಲುವ ದಾರ ತಗೋ, ನನ್ನ ಹಸಿರು ದಾರದಂಥದ್ದು. ತೇಲುವ ಭಾಗ ಕಣ್ಣಿಗೆ ಕಾಣುತ್ತದೆ, ಸೆಳವು ಎಳೆದರೆ ಎತ್ತಿ ಹಾಕಬಹುದು. ತಗೊಳ್ಳುವಾಗ ಬಿಸಿಲು ಸೀಮೆಗೆಂದು ಮಾಡಿದ್ದು ಹೌದೋ ಎಂದು ಕೇಳು. ಥಂಡಿ ದೇಶದ ದಾರ ನಮ್ಮ ಏಪ್ರಿಲ್ ಬಿಸಿಲಿಗೆ ಬೆಲ್ಲದ ಪಾಕದಂತೆ ಅಂಟುತ್ತದೆ.

ದಾರದ ತುದಿಗೆ ಗಾಳ ಕಟ್ಟುವ ಸಣ್ಣ ಎಳೆ ನಾಲ್ಕು ಅಡಿ ಸಾಕು. ಉದ್ದವಾದರೆ ದಾರ ಕೆಳಗೆ, ಗಾಳ ಮೇಲೆ ಆಗುತ್ತದೆ. ಆ ಎಳೆ ದಾರಕ್ಕಿಂತ ಬಡವಾಗಿರಬೇಕು. ಗಾಳ ಬಂಡೆಗೆ ಸಿಕ್ಕರೆ ಎಳೆ ಹರಿದು, ದಾರ ಉಳಿಯುತ್ತದೆ. ಸಾಹೇಬರು ಇದನ್ನು ಹತ್ತು ಸಲ ಹೇಳಿದ್ದರು. ನಾನು ಕೇಳಿದೆನೇ? ದಾರ ಹರಿಯುವುದೆಂದರೆ ಟೇಲರನಿಗೆ ಅವಮಾನ. ಎಳೆದರೆ ಹರಿಯುವ ಪುಸಿ ದಾರ ಮುಟ್ಟಿದವನಲ್ಲ ನಾನು. ನಲವತ್ತು ಪೌಂಡ್ ತಡೆಯುವ ಎಳೆ ಕಟ್ಟಿದೆ. "ಏನಲೇ, ಮೀನ ಹಿಡೀತೀಯೋ ಎಮ್ಮಿ ಕಟ್ಟತೀಯೋ?" ಎಂದು ನೀನು ನಕ್ಕಿದ್ದೆ.

ಕಾಗದದ ಕೊನೆಗೆ ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ನಿನ್ನ ದಾರ ಹರಿದು ನನ್ನ ಬೆರಳು ಹೋದವಂತ ನೀ ಕೊರಗಬ್ಯಾಡ. ಅದು ದಾರದ ತಪ್ಪು. ಹರಿಯಲಾರದಂಥಾದ್ದು ಯಾವುದೈತಿ ಹೇಳು, ನನಗೊಂದು ನಿನಗೊಂದು ತರಸ್ತೀನಿ." ಇಪ್ಪತ್ತೆರಡು ದಿನ ತಡವಾದದ್ದು ಈ ಸಾಲಿಗೆ.

ಅವತ್ತಿನದನ್ನು ನಾವು ಇಬ್ಬರೂ ಕೂತು ಒಮ್ಮೆಯೂ ಪೂರ್ತಿ ಮಾತಾಡಿಲ್ಲ. ಅಕ್ಟೋಬರಿನ ಭಾನುವಾರ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಹೊಳೆಗೆ ಇಳಿಯಬೇಡಿ ಎಂದು ಮೈಕಿನ ಆಟೋ ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿಕೊಂಡು ಹೋಯಿತು. "ನೀರು ಇಲ್ಲಿಗೆ ಬರೋದು ಸಂಜೀಕ, ಅಷ್ಟರಾಗ ಎರಡು ವಾಲುಗ ಹಿಡದು ಬಿಟ್ಟಿರ್ತೀವಿ" ಎಂದದ್ದು ನಾನೇ. ನಿನ್ನ ಗಾಳ ಸಂದಿಗೆ ಸಿಕ್ಕಿತು. ಮೀನು ಹಿಡಿಯುವ ಬಾಲಯ್ಯ ನಿನ್ನನ್ನು ತನ್ನ ಹರಿಗೋಲಿನಲ್ಲಿ ಕರೆದುಕೊಂಡು ಹೋದ, ಗಾಳ ಬಿಡಿಸಲು ತಾನು ಸಣ್ಣ ಬಂಡೆಯ ಮೇಲೆ ಇಳಿದ. ನಾನು ಆನೆಬಂಡೆಯ ಮೇಲಿದ್ದೆ. ಮೇಲೆ ಬಿಟ್ಟ ನೀರು ಬಂದು ಹೊಳೆಯ ಬಣ್ಣ ಕೆಂಪಗಾದದ್ದನ್ನು ಮೊದಲು ನೋಡಿದವನು ನಾನು. ಕೂಗುವಷ್ಟರಲ್ಲಿ ಹರಿಗೋಲು ಜಾರಿ, ಒಳಗೆ ನೀನೊಬ್ಬನೇ ಉಳಿದಿದ್ದೆ.

ಬುಗುರಿಯಂತೆ ತಿರುಗುತ್ತ ನೀನು ನನ್ನ ಕಡೆಗೇ ಬಂದೆ. "ಒಗಿಯಲೇ ಕಾಂತ್ಯಾ, ಒಗೀ!" ಎಂದೆ. ಜೀವಮಾನದಲ್ಲಿ ಅಷ್ಟು ಚೆಂದ ನಾನು ದಾರ ಎಸೆದಿಲ್ಲ. ಗಾಳ ಹೋಗಿ ಹರಿಗೋಲಿನೊಳಗೇ ಬಿತ್ತು. ನೀನು ಎಳೆದು ಅಂಚಿನ ಬಿದಿರಿಗೆ ನಾಲ್ಕು ಸುತ್ತು ಸುತ್ತಿದೆ. ನಾನು ರಾಡು ಬಿಸಾಕಿ, ದಾರವನ್ನೇ ಮುಂಗೈಗೆ ಎರಡು ಸುತ್ತು ಹಾಕಿಕೊಂಡೆ. ಹರಿಗೋಲು ನಿಂತಿತು. ನಿಂತೇಬಿಟ್ಟಿತು ದೇವ್ಯಾ! ನೀನು ನಕ್ಕೆ. "ಬಿಡಬ್ಯಾಡಲೇ!" ಎಂದೆ. ನೀರು ನನ್ನ ಮೊಣಕಾಲಿಗೆ ಬಂದಿತ್ತು, ಆಮೇಲೆ ತೊಡೆಗೆ ಬಂತು. ಆಮೇಲೆ ದಾರ ಹೋಯಿತು.

ಬಂಡೆಗೂ ಹರಿಗೋಲಿಗೂ ನಡುವೆ ನಿನ್ನ ಬೆರಳು ಸಿಕ್ಕಿದ್ದು ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ನಿನ್ನನ್ನು ಕೆಳಗಿನ ಮರಳಲ್ಲಿ ಬಾಲಯ್ಯ ಎಳೆದುಹಾಕಿದ ಮೇಲೆ ಓಡಿ ಬಂದೆ. ದವಾಖಾನೆಯಲ್ಲಿ ಜ್ಞಾನ ಬಂದಾಗ ನೀನು ನಿನ್ನ ಹೆಂಡತಿಗೆ, ಬಸವೇಶ್ವರಿ ವೈನಿಗೆ, ಮೊದಲು ಹೇಳಿದ ಮಾತು: "ದಾರ ಹರೀತು. ಕಾಂತ್ಯಾ ಪಾಪ, ಏನ್ ಮಾಡ್ಯಾನು." ವೈನಿ ನನ್ನ ಮುಂಗೈ ಹಿಡಿದು, ದಾರ ಕೊಯ್ದ ಗೆರೆ ನೋಡಿ, "ಎಷ್ಟು ಹಿಡಕೊಂಡಿದ್ರಿ ಅಣ್ಣಾ" ಎಂದು ಅತ್ತರು. ನಾನೂ ಅತ್ತೆ.

ಈಗ ಸುದ್ದಿ ಕೇಳು. ಹೊಳೆ ಇಳಿದಿದೆ. ಹೋದ ವಾರ ಬಾಲಯ್ಯ ಮಕ್ತಲ್ ಸಂತೆಗೆ ಬಂದವನು ಅಂಗಡಿಗೆ ಬಂದ. ಕೂರಲಿಲ್ಲ. ಚಹಾ ಬೇಡ ಎಂದ. "ಸಾರೂ, ನಿಮ್ಮ ಹಸಿರು ದಾರ ನನ್ನ ಬಲೆಕ ಬಿದ್ದೈತ್ರಿ. ಗಾಳ ಹಂಗೇ ಐತಿ, ಜರಿನೂ ಹೋಗಿಲ್ಲ" ಎಂದ. ಚೀಲದಿಂದ ಸಿಂಬೆ ಮಾಡಿದ ದಾರ ತೆಗೆದು, ಇನ್ನೊಂದು ತುದಿಯನ್ನು ಹುಡುಕಿ ಹಿಡಿದ. ಹುಟ್ಟಿದಾಗಿನಿಂದ ಬಲೆ ನೇಯ್ದ ಮನುಷ್ಯ. ಆ ತುದಿಯನ್ನು ಹೆಬ್ಬೆರಳಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇಲ್ಲಿ ಕೊಡು ಬಾಲಯ್ಯಾ, ನನ್ನದಲ್ಲೇನು" ಎಂದು ಕೈ ಚಾಚಿದೆ.

"ಮೀದೇ ಸಾರೂ, ನಿಮ್ದೇ. ದ್ಯಾವಪ್ಪ ಸಾರ್ ಭಾನುವಾರ ಬರ್ತಾರಲ್ರಿ, ಅವರ ಕೈಯಾಗ ಕೊಡ್ತೀನಿ. ಅವರು ನೋಡ್ಲಿ" ಎಂದು ಮತ್ತೆ ಚೀಲಕ್ಕೆ ಹಾಕಿಕೊಂಡ. ಹೋಗುವಾಗ ಶರಣು ಹೇಳಲಿಲ್ಲ. ಅವನು ಹೋದ ಮೇಲೆ ಒಂದು ತಾಸು ನನಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಅವನ ಗುಡಿಸಲಿಗೆ ಹೋಗಿ ಕಾಲು ಹಿಡಿದು ಇಸಿದುಕೊಂಡು ಬರೋಣ ಎನಿಸಿತು. ಹೊಳೆ ಹತ್ತಿರದ ಕೃಷ್ಣಾ ಊರಿನ ತನಕ ಹೋದೆ ಕೂಡ. ಸ್ಟೇಷನ್ ಹತ್ತಿರ ಇಳಿದು, ದೂರದಿಂದ ಹೊಳೆಯ ಸಪ್ಪಳ ಕೇಳಿದ್ದೇ ತಡ, ಬಂದ ಬಸ್ಸಿಗೇ ವಾಪಸ್ ಹತ್ತಿದೆ. ಮನೆಯಲ್ಲಿ ಚನ್ನವೀರಮ್ಮ, "ಮೀನಿನ ಸಾವಾಸಕ ಹೋಗಬ್ಯಾಡ್ರಂತ ಬಡಕೊಂಡೆ. ಲಿಂಗ ಕಟ್ಟಿದ ಕೊರಳಿದು. ನಿಮಗ ಏನೋ ಬಡದೈತಿ, ಅಯ್ಯನವರ ಹತ್ರ ಹೋಗಿ ವಿಭೂತಿ ಹಚ್ಚಿಸಿಕೊಂಡ ಬರ್ರಿ" ಎಂದಳು. ಹಚ್ಚಿಸಿಕೊಂಡು ಬಂದೆ. ಹೆದರಿಕೆ ಎಲ್ಲಿ ಇತ್ತೋ ಅಲ್ಲೇ ಇದೆ.

ಹೊಳೆಗಿಂತ ಹೆಚ್ಚಾಗಿ ನಾನು ಹೆದರುವುದು ನಿನಗೆ. ಸಣ್ಣಂದಿನಿಂದ ನಿನ್ನೊಬ್ಬನ ಮುಂದೆ ನಾನು ಒಳ್ಳೆಯವನಾಗಿ ಇದ್ದವನು. ಭಾನುವಾರ ಮಧ್ಯಾಹ್ನ ಆ ತುದಿ ನಿನ್ನ ಕೈಗೆ ಬರುತ್ತದೆ. ಅದಕ್ಕಿಂತ ಮೊದಲು ಈ ಕಾಗದ ಬರಲಿ ಎಂದು ಬರೆಯುತ್ತಿದ್ದೇನೆ. ಈಗಲೇ ಅಂಚೆಗೆ ಹಾಕಿದರೆ ಗುರುವಾರಕ್ಕೋ ಶುಕ್ರವಾರಕ್ಕೋ ಗದ್ವಾಲಕ್ಕೆ ಮುಟ್ಟಬೇಕು.

ವೈನಿಯವರಿಗೆ ನಮ್ಮಿಬ್ಬರ ಶರಣು. ಎಡಗೈಗೆ ದಿನಾ ಎಳ್ಳೆಣ್ಣೆ ತಿಕ್ಕು. ಬಲಗೈಯ ಗಾಯದ ಜಾಗ ಬಿಸಿಲಿಗೆ ಉರಿದೀತೆಂದು ತೆಳ್ಳನೆಯ ಹತ್ತಿಬಟ್ಟೆಯ ಕೈಗವಸು ಹೊಲಿದು ಇದರ ಜೊತೆ ಇಟ್ಟಿದ್ದೇನೆ, ಮೂರು ಬೆರಳಿನದು. ಅಳತೆ ಅಂದಾಜಿನ ಮೇಲೆ ತೆಗೆದೆ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನೂರು ವರ್ಷ ದಾರ ಎಸೆಯುತ್ತಿರು.

ನಿನ್ನ
ಕಾಂತೇಶ

ಮತ್ತೊಂದು ಮಾತು: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಹರಿದು ತೆಗೆದೆ. ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ.

ದಾರ ಹರಿದರೆ ತುದಿ ನಾರುನಾರಾಗಿರುತ್ತದೆ. ಬಾಲಯ್ಯನ ಕೈಯಲ್ಲಿರುವ ತುದಿ ನೆಟ್ಟಗಿದೆ, ತುಸು ಓರೆ. ಮೂವತ್ತು ವರ್ಷ ಜಂಪರಿನ ದಾರವನ್ನು ನಾನು ಹಾಗೆಯೇ ಓರೆಯಾಗಿ ಕತ್ತರಿಸಿದ್ದೇನೆ. ಆ ನಲವತ್ತು ಪೌಂಡಿನ ಎಳೆ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ, ದಾರ ತಡೆಯಿತು. ನನ್ನ ಕಾಲು ಜಾರಿತು, ನೀರು ಸೊಂಟಕ್ಕೆ ಬಂತು, ಮುಂಗೈ ದಾರದಲ್ಲಿ ಸಿಕ್ಕಿತ್ತು. ಕತ್ತರಿ ಕೊರಳಲ್ಲೇ ಇತ್ತು. ಸಣ್ಣ ಬಂಡೆಯಿಂದ ಈಜಿ ದಂಡೆ ಹತ್ತಿದ್ದ ಬಾಲಯ್ಯ ಹಗ್ಗ ಹಿಡಿದು ದಂಡೆಯ ಮೇಲೆ ಓಡಿ ಬರುತ್ತಿದ್ದ, "ಪಟ್ಟುಕೋ ಸಾರೂ, ಹಿಡ್ಕೋರಿ, ಬಂದೆ, ಬಂದೆ!" ಎಂದು ಕೂಗುತ್ತಿದ್ದ. ಇಪ್ಪತ್ತು ಹೆಜ್ಜೆ ಇತ್ತೋ ಏನೋ. ಅವನು ಬರುತ್ತಿರುವುದನ್ನು ನೋಡಿದೆ. ನೀನು ನಗುತ್ತಿರುವುದನ್ನೂ ನೋಡಿದೆ. ನೋಡಿಯೇ ಕತ್ತರಿಸಿದೆ.

ಭಾನುವಾರ ಗದ್ವಾಲದ ಬಸ್ಸು ಬರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಇಳಿಯುವುದು ಬಿಡುವುದು ನಿನ್ನ ಇಷ್ಟ, ನಾನು ಕೈ ಎತ್ತಿ ಕರೆಯುವುದಿಲ್ಲ. ರಾಡು ಏಳನೇ ನಂಬರಿನದೇ ತಗೋ. ನನಗೆಂದು ಹೊಸ ದಾರ ತರಿಸಬೇಡ ದೇವ್ಯಾ. ಹಳೆಯದು ಗಟ್ಟಿಯಾಗಿಯೇ ಇತ್ತು.